ಎಡಕ್ಕೆ ಹೊಡೆಯುವ ರಿವಾಲ್ವರ್

ಹೊಸ ರಿವಾಲ್ವರ್‌ನಲ್ಲಿ ಏನಾದರೊಂದು ಕುಂದು ಸಿಕ್ಕೇ ಸಿಗುತ್ತದೆ ಎಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಡಬ್ಬಿ ಬಿಚ್ಚುವ ಮುಂಚೆಯೇ ಮುಖ ಗಂಟು ಹಾಕಿಕೊಂಡು ಕೂತಿದ್ದೆನಂತೆ. ನನ್ನ ಮೈದುನ ಮರ್ಲ್ ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ. ಹೇಳಲಿ. ಮೂವತ್ತು ಚಿಲ್ಲರೆ ಬೇಸಿಗೆ ಸೊಂಟದಲ್ಲಿ ತೂಗಿದ ವಸ್ತುವಿನ ಜಾಗಕ್ಕೆ ಇನ್ನೊಂದು ಬಂದು ಕೂತರೆ ಯಾರ ಮುಖ ತಾನೇ ಅರಳುತ್ತದೆ?

ಹಳೆಯದು ಆರಿನ್‌ನದು. ಆರಿನ್ ಸ್ಟ್ರೌಡ್, ನನ್ನ ಗಂಡ. ಹೋದ ನವೆಂಬರಿನಲ್ಲಿ ದನಗಳನ್ನೆಲ್ಲ ಬೆಟ್ಟದಿಂದ ಕೆಳಗಿಳಿಸಿ, ಕೊನೆಯ ಕರುವನ್ನೂ ದೊಡ್ಡಿಗೆ ಸೇರಿಸಿ, ಮರುದಿನ ಬೆಳಿಗ್ಗೆ ಕಾಫಿಯ ಮುಂದೆ ಕೂತವನು ಹಾಗೆಯೇ ಹೋದ. ಕೆಲಸ ಅರ್ಧಕ್ಕೆ ಬಿಟ್ಟು ಹೋಗುವ ಜಾಯಮಾನವೇ ಅವನದಲ್ಲ. ಅವನ ರಿವಾಲ್ವರ್ ಕೂಡ ಅವನ ಹಿಂದೆಯೇ ಹೊರಟಿತು. ಮಾರ್ಚಿನಲ್ಲಿ ಪಟ್ಟಣದ ಬಂದೂಕು ರಿಪೇರಿಯವನ ಹತ್ತಿರ ಒಯ್ದರೆ, ಅವನು ಗುಂಡು ತುಂಬುವ ಸಿಲಿಂಡರನ್ನು ಎರಡು ಬೆರಳಲ್ಲಿ ಅಲ್ಲಾಡಿಸಿ ಅದರ ಗಿಲಿಗಿಲಿ ಸದ್ದನ್ನು ನನಗೇ ಕೇಳಿಸಿದ. "ಇದನ್ನ ಗೋಡೆಗೆ ತೂಗುಹಾಕಿಬಿಡಿ ವರ್ಡಾ. ಇನ್ನು ಹಾರಿಸೋಕೆ ಹೋದ್ರೆ ನಿಮ್ಮ ಬೆರಳು ನಿಮ್ಮ ಕೈಲಿ ಇರಲ್ಲ" ಎಂದ. ಅವನ ಮೇಲೆ ರೇಗಿದೆ. ರೇಗಿ ಏನು ಪ್ರಯೋಜನ, ಅವನು ಹೇಳಿದ್ದು ನಿಜವೇ ಆಗಿತ್ತು.

ರಿವಾಲ್ವರ್ ಇಲ್ಲದೆ ನನಗೆ ಬೆಟ್ಟವಿಲ್ಲ. ವಯೋಮಿಂಗ್‌ನ ಈ ಮೂಲೆಯಲ್ಲಿ ಜೂನ್ ಬಂದರೆ ನಮ್ಮ ದನಗಾರರ ಸಂಘದವರ ದನಗಳೆಲ್ಲ ಮೇಲಿನ ಹುಲ್ಲುಗಾವಲಿಗೆ ಏರುತ್ತವೆ. ಅವುಗಳ ಜೊತೆ ಇಬ್ಬರು ಹೋಗಿ ಹಿಮ ಬೀಳುವವರೆಗೆ ದಿಮ್ಮಿಯ ಗುಡಿಸಲಲ್ಲಿ ಬೀಡುಬಿಡುತ್ತಾರೆ. ಮದುವೆಯಾದ ವರ್ಷದಿಂದ ಆ ಬೀಡು ನನ್ನದು, ಆರಿನ್‌ನದು. ನಮಗೆ ಮಕ್ಕಳಾಗಲಿಲ್ಲ. ಕೆಳಗಿನ ಮನೆಯೆಂದರೆ ಚಳಿಗಾಲ ಕಳೆಯುವ ಚಾವಡಿ ಅಷ್ಟೆ. ಮನೆ ಎಂದು ನಾನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದುದು ಮೇಲಿನ ಆ ಗುಡಿಸಲನ್ನೇ. ಬೆಳಗಿನ ಚಳಿಗೆ ಒಲೆ ಹೊತ್ತಿಸುವಾಗ ಪೈನ್ ಚಕ್ಕೆಯ ವಾಸನೆ, ಕಬ್ಬಿಣದ ಪಾತ್ರೆಯಲ್ಲಿ ಉಬ್ಬುತ್ತಿದ್ದ ಬ್ರೆಡ್ಡು, ಹೊರಗೆ ಕುದುರೆಗೆ ಜೀನು ಬಿಗಿಯುತ್ತ ಸುಮ್ಮಸುಮ್ಮನೆ ಅದಕ್ಕೆ ಬುದ್ಧಿ ಹೇಳುತ್ತಿದ್ದ ಆರಿನ್‌ನ ದನಿ! ಆ ಬೀಡು ಕೈತಪ್ಪಿದರೆ ಅವನು ನನಗೆ ಎರಡನೇ ಸಲ ಸತ್ತ ಹಾಗೆ.

ಕೈತಪ್ಪುವ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮಲ್ಲಿ ಒಂದು ಪದ್ಧತಿ ಇದೆ. ಬೀಡಿಗೆ ಹೋಗುವ ಇಬ್ಬರಿಗೂ ಸೇರಿ ಒಂದೇ ರಿವಾಲ್ವರ್. ಮೇ ತಿಂಗಳ ಕೊನೆಯ ಶನಿವಾರ, ಸಂಘದವರೆಲ್ಲರ ಎದುರು, ಇಬ್ಬರೂ ಅದೇ ರಿವಾಲ್ವರ್ ಹಿಡಿದು 'ಕರಡಿ' ಹೊಡೆಯಬೇಕು. ಕರಡಿ ಎಂದರೆ ಕಪ್ಪು ಬಣ್ಣ ಬಳಿದ ಬಕೆಟ್ಟು. ಅದನ್ನು ಜಾರುಬಂಡಿಗೆ ಕಟ್ಟಿ, ಹಗ್ಗ ಹಾಕಿ, ಪಕ್ಕದಿಂದ ಕುದುರೆಯ ಕೈಲಿ ಜೋರಾಗಿ ನಮ್ಮತ್ತ ಎಳೆಸುತ್ತಾರೆ. ಅದು ನಮ್ಮ ಮುಂದೆ ನೆಟ್ಟ ಗೂಟ ಮುಟ್ಟುವಷ್ಟರಲ್ಲಿ ತೂತು ಬಿದ್ದಿರಬೇಕು. ಯಾರ ಗುಂಡು ತಾಗುತ್ತದೋ ಬೇಸಿಗೆಯೆಲ್ಲ ರಿವಾಲ್ವರ್ ಅವರ ಸೊಂಟದಲ್ಲಿ. ಇಬ್ಬರದೂ ತಾಗಿದರೆ ಗಂಡನ ಸೊಂಟದಲ್ಲಿ; ಇದು ಹಿಂದಿನ ಅಧ್ಯಕ್ಷರು ಮಾಡಿಟ್ಟ ಕಾನೂನು, ಅವರ ಗೋರಿಯ ಮೇಲೆ ಹುಲ್ಲು ಚೆನ್ನಾಗಿ ಬೆಳೆಯಲಿ.

ನಮ್ಮಿಬ್ಬರಲ್ಲಿ ಆ ಪ್ರಶ್ನೆಯೇ ಏಳಲಿಲ್ಲ. ನಾನು ಬಕೆಟ್ಟನ್ನು ಜರಡಿ ಮಾಡುತ್ತಿದ್ದೆ. ಆರಿನ್ ಬಲಗಡೆಯ ಸೇಜ್ ಪೊದೆಗಳ ತಲೆ ಹಾರಿಸುತ್ತಿದ್ದ. ಪ್ರತಿ ವರ್ಷವೂ ಅದೇ ಕಥೆ, ಅದೇ ನಗು. "ಕರಡಿ ಸೇಜ್ ಸೊಪ್ಪು ತಿನ್ನೋಕೆ ಬಂದ್ರೆ ಆರಿನ್‌ನ ಕರೀರಪ್ಪೋ!" ಎಂದು ಮೊದಲು ಕೂಗಿದವಳು ನಾನೇ. ಅವನು ಟೋಪಿ ತೆಗೆದು ಸುತ್ತಲೂ ನಮಸ್ಕಾರ ಮಾಡುತ್ತಿದ್ದ. ಬೀಡಿನಲ್ಲಿ ಬೆಳಗಾದರೆ ರೈಫಲ್ಲು ಎತ್ತಿಕೊಂಡು, ಕೆಲವು ದಿನ ಭಾರವೆಂದು ಅದನ್ನೂ ಬಿಟ್ಟು, "ಆ ಸಣ್ಣದು ನೀನೇ ಇಟ್ಕೋ ವರ್ಡಾ, ನಾನು ಹೊಡೆದ್ರೆ ಕರಡಿಗೆ ನಗು ಬರುತ್ತೆ" ಎಂದು ಹೊರಟುಬಿಡುತ್ತಿದ್ದ. ನಾನೂ ಬೀಗಿಕೊಂಡೇ ಸೊಂಟಕ್ಕೆ ಸಿಕ್ಕಿಸುತ್ತಿದ್ದೆ.

ಈ ವರ್ಷ ಜೊತೆಗೆ ಬರಲು ಒಪ್ಪಿದವನು ಮರ್ಲ್. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದ ಆಸಾಮಿ, ಆರಿನ್‌ಗಿಂತ ಎರಡು ವರ್ಷ ಚಿಕ್ಕವನು. ಆದರೆ ಮಂಡಿ ಕೈಕೊಟ್ಟಿರುವುದರಿಂದ ಕುದುರೆ ಏರಲಾರ. ಸಂಘದ ಈಗಿನ ಅಧ್ಯಕ್ಷೆ ಗ್ಲೆಂಡಾ ಮುಖದ ಮೇಲೆ ಹೊಡೆದ ಹಾಗೆ ಹೇಳಿಬಿಟ್ಟಿದ್ದಳು: "ಮರ್ಲ್ ಅಡುಗೆಗೆ ಸರಿ. ದನದ ಹಿಂದೆ ಹೋಗೋಳು ನೀನು, ಹೊಡೀಬೇಕಾದ್ದೂ ನೀನು. ಬಕೆಟ್ ತಪ್ಪಿಸಿದ್ರೆ ಬೀಡು ಬೇರೆಯವರಿಗೆ ಹೋಗುತ್ತೆ, ಆಮೇಲೆ ನನ್ನ ಬಯ್ಬೇಡ." ದನದ ಹಿಂದೆ ಹೋಗುವವರಿಗೆ ಇನ್ನೊಂದು ಕಾನೂನೂ ಇತ್ತು. ಅವರ ಕೈಕಾಲು ನೆಟ್ಟಗಿರಬೇಕು. ಸೊಟ್ಟಗಾಲಿನವನೊಬ್ಬ ಹಿಂದೆ ಬಂಡೆಯ ಮೇಲಿಂದ ಬಿದ್ದು ಸತ್ತ ಮೇಲೆ ಮಾಡಿದ್ದು.

ನನ್ನ ಬಲಗೈ ಮಣಿಕಟ್ಟು ನೆಟ್ಟಗಿಲ್ಲ. ಮದುವೆಗೆ ಮುಂಚಿನ ಚಳಿಗಾಲ, ಕಣಿವೆಯಾಚೆ ಅಪ್ಪನ ಹೊಲದಲ್ಲಿ, ಮರಿಕುದುರೆಯೊಂದು ನನ್ನನ್ನು ಬೇಲಿಗೆ ಒತ್ತಿ ಮುರಿಯಿತು. ಅಪ್ಪ ಹಲಗೆ ಚೂರು ಕಟ್ಟಿ ತಾನೇ ಕೂರಿಸಿದ್ದ. ಅದು ವಕ್ರವಾಗಿ ಕೂತಿತು. ಹಗ್ಗ ತಿಕ್ಕದ ಹಾಗೆ ಎಂದು ಅಗಲ ಚರ್ಮದ ಪಟ್ಟಿ ಕಟ್ಟಿಕೊಂಡು ಅಷ್ಟು ವರ್ಷ ಮುಚ್ಚಿಟ್ಟೆ. ಇಲ್ಲಿ ಅದು ಗೊತ್ತಿದ್ದವನು ಆರಿನ್ ಒಬ್ಬನೇ ಎಂದು ನಂಬಿದ್ದೆ. ಪ್ರತಿ ಮೇ ತಿಂಗಳು ಬಕೆಟ್ಟಿಗೆ ತೂತು ಬಿದ್ದಾಗಲೂ ನಾನು ಮನಸ್ಸಿನಲ್ಲೇ ಆ ಮೂಳೆಗೆ ಹೇಳುತ್ತಿದ್ದೆ, ನೋಡು, ನಿನ್ನಿಂದ ನನಗೇನೂ ಕಿತ್ತುಕೊಳ್ಳೋಕಾಗಲಿಲ್ಲ.

ಅದಿರಲಿ, ಹೊಸದರ ವಿಷಯಕ್ಕೆ ಬರುತ್ತೇನೆ. ಶನಿವಾರಕ್ಕೆ ಇನ್ನು ಮೂರೇ ದಿನ ಇರುವಾಗ ಅದು ಬಂತು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ಕೂತೆವು. ಸಿಲಿಂಡರ್ ತೆರೆದು ಖಾಲಿ ಇದೆಯೆಂದು ನಾನು ನೋಡಿದೆ, ಮರ್ಲ್ ನೋಡಿದ, ಮತ್ತೆ ನಾನು ನೋಡಿದೆ. ಆಮೇಲೆ ಪರೀಕ್ಷೆ. ತುಕ್ಕು ಹಿಡಿಯದ ಉಕ್ಕು, ತೊಳೆದಿಟ್ಟ ಚಮಚದಂತೆ ಮಿರಮಿರ. ಹಿಡಿ ರಬ್ಬರಿನದು.

"ಥೂ, ಟೈರು ಹಿಡ್ಕೊಂಡ ಹಾಗಿದೆ" ಎಂದೆ.

"ಕೈ ಜಾರಲ್ಲ, ಒದ್ದೆಯಾದ್ರೂ" ಎಂದ ಮರ್ಲ್.

"ನೀನೇನು ಅಂಗಡಿಯವನ ಅಳಿಯನಾ?"

ಸಿಲಿಂಡರ್ ಮುಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಕಿಮಕ್ ಇಲ್ಲ. ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ನೋಡಿದೆ. ಮರ್ಲ್‌ನ ಸಿಗರೇಟಿನ ಕಾಗದ ಅದರಲ್ಲಿ ಸಲೀಸಾಗಿ ನುಸುಳಿತು, ಇಸ್ಪೀಟೆಲೆ ನುಸುಳಲಿಲ್ಲ. ಅಷ್ಟೇ ಇರಬೇಕಾದ್ದು. ಹಳೆಯದರ ಸಂದಿನಿಂದ ಸೀಸದ ಚೂರು ಸಿಡಿದು ನನ್ನ ಕೆನ್ನೆಗೆ ಚುಚ್ಚುತ್ತಿತ್ತು. ಗುಂಡಿಗೆ ಬಡಿಯುವ ಹಿಂಬದಿಯ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ, ಮೆಲ್ಲಗೆ ಹಿಂದಕ್ಕೆಳೆದೆ. ಅದು ಪೂರ್ತಿ ಹಿಂದೆ ಬರುವ ಮುಂಚೆಯೇ ಸಿಲಿಂಡರ್ ತನ್ನ ಜಾಗದಲ್ಲಿ ಟಕ್ಕೆಂದು ಕೂರಬೇಕು, ಕೂತಿತು. ಆರು ಕೋಣೆಯೂ ಹಾಗೆಯೇ ಕೂತವು. ಟ್ರಿಗರ್ ಒಣ ಹುರುಳಿಕಾಯಿ ಮುರಿದ ಹಾಗೆ ಚಟ್ಟೆಂದು ಬಿಟ್ಟುಕೊಟ್ಟಿತು. ನಳಿಗೆಯ ಕೆಳಗೆ ಬಿಳಿ ಕಾಗದ ಹಿಡಿದು ಒಳಗೆ ಇಣುಕಿದೆ, ಕನ್ನಡಿಯೇ.

"ಎಲ್ಲಾದ್ರೂ ಒಂದು ತಪ್ಪು ತೋರಿಸೇ ನೋಡೋಣ" ಎಂದ ಮರ್ಲ್.

ಟ್ರಿಗರ್ ಸುತ್ತಲಿನ ಬಳೆಯ ಅಂಚಿನಲ್ಲಿ ಅರಕ್ಕೆ ಸಿಗದೆ ಉಳಿದ ಒಂದು ಚೂಪು ಇತ್ತು. ಅದನ್ನೇ ಹಿಡಿದು ಒಂದಿಷ್ಟು ಹೊತ್ತು ಜಗಳವಾಡಿದೆ. ಅವನು ಎದ್ದುಹೋಗಿ ಸಣ್ಣ ಅರ ತಂದು ಎರಡು ಸಲ ತಿಕ್ಕಿದ, ನನ್ನ ಜಗಳ ಮುಗಿದುಹೋಯಿತು. ನಿಜ ಹೇಳಬೇಕೆಂದರೆ ಕೈಯಲ್ಲಿ ಅದರ ತೂಕ ಚೆನ್ನಾಗಿ ಕೂರುತ್ತಿತ್ತು. ಆರಿನ್ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದನೋ ಎಂದು ಅನ್ನಿಸಿ ತಟ್ಟನೆ ಕಣ್ಣು ತುಂಬಿತು. ಮರ್ಲ್ ಕಾಫಿ ಬಗ್ಗಿಸುವ ನೆಪದಲ್ಲಿ ಬೆನ್ನು ತಿರುಗಿಸಿದ.

ಮಧ್ಯಾಹ್ನ ಹಿಂದಿನ ಕಾಲುವೆಯ ದಿಬ್ಬಕ್ಕೆ ಒಂದು ಖಾಲಿ ಬಕೆಟ್ ಆನಿಸಿದೆವು. ಕಿವಿಗೆ ಹತ್ತಿ ತುರುಕಿ, ಮೊದಲ ಆರು ಗುಂಡು ನಾನು ಹೊಡೆದೆ. ಒದೆತ ಹಳೆಯದಕ್ಕಿಂತ ಎಷ್ಟೋ ಮೆತ್ತಗೆ. ಹೋಗಿ ನೋಡಿದರೆ ಬಕೆಟ್ಟು ಗುಂಡಗೆ, ಒಂದು ಗೀರೂ ಇಲ್ಲ. ಎಡಗಡೆ ಮಣ್ಣಿನಲ್ಲಿ ಆರು ಗುಂಡೂ ಒಂದೇ ಕಡೆ ಗುಂಪಾಗಿ ಕೂತಿದ್ದವು. ಮತ್ತೆ ಹೊಡೆದೆ. ಮತ್ತೆ ಅಲ್ಲೇ.

"ಹೇಳಿರಲಿಲ್ವಾ! ನಾನು ಹೇಳಿರಲಿಲ್ವಾ! ಗುರಿ ಸೊಟ್ಟ. ಮಿರಮಿರ ಅಂದ್ರೆ ಆಯ್ತಾ? ಇವತ್ತೇ ವಾಪಸ್ ಕೊಡ್ತೀನಿ" ಎಂದು ಕುಣಿದೆ. ಕುಣಿಯುತ್ತಲೇ ನೆನಪಾಯಿತು. ವಾಪಸ್ ಕೊಟ್ಟರೆ ಶನಿವಾರಕ್ಕೆ ಏನು ಹಿಡಿದು ನಿಲ್ಲಲಿ?

"ಇಲ್ಲಿ ಕೊಡು" ಎಂದ ಮರ್ಲ್. ಕಾಲು ಅಗಲಿಸಿ ನಿಂತು, ಅವಸರವಿಲ್ಲದೆ ಹೊಡೆದ. ಬಕೆಟ್ಟಿನ ನಟ್ಟನಡುವೆ ತೂತುಗಳು ಒಂದರ ಪಕ್ಕ ಒಂದು ಬಿದ್ದವು. ನಾನು ರಿವಾಲ್ವರ್ ಕಸಿದುಕೊಂಡು ಮತ್ತೆ ಹೊಡೆದೆ. ಎಡಕ್ಕೇ ಹೋದವು.

ಮರ್ಲ್ ನನ್ನ ಮುಖ ನೋಡುತ್ತಿರಲಿಲ್ಲ. ಬೂಟಿನ ತುದಿಯಲ್ಲಿ ನೆಲ ಕೆದಕುತ್ತಿದ್ದ. ಅವನು ಹಾಗೆ ಕೆದಕಿದರೆ ಏನೋ ಬಚ್ಚಿಟ್ಟಿದ್ದಾನೆಂದೇ ಲೆಕ್ಕ.

"ಮರ್ಲ್, ನಿಂಗೇನೋ ಗೊತ್ತಿದೆ. ಬಾಯಿ ಬಿಡು."

"ಏನಿಲ್ಲ ಬಿಡೇ. ವಯಸ್ಸಾಯ್ತು ಇಬ್ರಿಗೂ."

"ವಯಸ್ಸಾಗಿದ್ರೆ ಗುಂಡು ಚೆಲ್ಲಾಪಿಲ್ಲಿ ಆಗ್ಬೇಕಿತ್ತು. ಒಂದೇ ಕಡೆ ಹೋಗಿ ಕೂರಲ್ಲ. ಹೇಳ್ತೀಯೋ, ಇಲ್ಲ ಶನಿವಾರ ಬೀಡು ಕಳ್ಕೊಂಡ ಮೇಲೆ ಹೇಳ್ತೀಯೋ?"

ಅವನು ದೊಡ್ಡದೊಂದು ಉಸಿರು ಬಿಟ್ಟ. "ಮಾತು ಕೊಟ್ಟಿದ್ದೆ ಕಣೇ ಅವನಿಗೆ" ಎಂದು ನನ್ನನ್ನು ಒಳಗೆ ಕರೆದುಕೊಂಡು ಬಂದ. ಗೋಡೆಯಿಂದ ಹಳೆಯ ರಿವಾಲ್ವರ್ ಇಳಿಸಿ, ನಳಿಗೆಯ ತುದಿಯಲ್ಲಿ ಗುರಿ ನೋಡಲು ಇರುವ ಸಣ್ಣ ಅಲಗನ್ನು ನನ್ನ ಕಣ್ಣಿಗೆ ಹಿಡಿದ. "ಇದು ಎಡಕ್ಕೆ ವಾಲಿದೆ, ಕಾಣುತ್ತಾ?"

"ಕಾಣದೆ ಏನು? ಕುದುರೆ ಬಿದ್ದು ಬಾಗಿದ್ದು. ಆರಿನ್ ಹೇಳಿದ್ದಾನೆ."

"ಕುದುರೆ ಬಿದ್ದಿದ್ರೆ ಗೀರು ಇರ್ತಿರಲಿಲ್ವಾ? ತಾಮ್ರದ ತಗಡು ಒತ್ತಿಟ್ಟು, ಹಿತ್ತಾಳೆ ಸುತ್ತಿಗೇಲಿ ತಟ್ಟಿ ಬಾಗ್ಸಿದ್ದು ಅದು. ನಾನೇ ಹಿಡ್ಕೊಂಡಿದ್ದೆ, ಆರಿನ್ ತಟ್ಟಿದ. ನಿಮ್ಮ ಮದುವೆ ಆದ ವರ್ಷ. ನಿನ್ನ ಮಣಿಕಟ್ಟು ಟ್ರಿಗರ್ ಒತ್ತೋವಾಗ ಎಡಕ್ಕೆ ತಳ್ಳುತ್ತೆ, ವರ್ಡಾ. ಯಾವಾಗ್ಲೂ ತಳ್ತಿತ್ತು. ಅಲಗು ಎಡಕ್ಕೆ ವಾಲಿದ್ರೆ ಗುಂಡು ಬಲಕ್ಕೆ ಬರುತ್ತೆ, ಅಲ್ಲಿಗಲ್ಲಿಗೆ ಸರಿಹೋಗುತ್ತೆ. ಸ್ವಲ್ಪ ತಟ್ಟೋದು, ನಿನ್ನ ಕೈಗೆ ಕೊಟ್ಟು ಹೊಡೆಸೋದು, ಮತ್ತೆ ತಟ್ಟೋದು. ಒಂದು ವಾರ ಹಿಡೀತು."

ಆ ವಾರ ನನಗೆ ನೆನಪಿತ್ತು. ಹೊಸ ಹೆಂಡತಿಗೆ ಗುರಿ ಕಲಿಸುತ್ತಿದ್ದಾನೆ ಎಂದು ನಾನು ಅಂದುಕೊಂಡಿದ್ದೆ. ಪ್ರತಿ ಸಂಜೆ ಕಾಲುವೆಯ ಹತ್ತಿರ, ನನ್ನ ಬೆನ್ನ ಹಿಂದೆ ನಿಂತು, "ಇನ್ನೊಂದು ಸಲ, ನಾಳೆ ಇನ್ನೊಂದು ಸಲ" ಎನ್ನುತ್ತಿದ್ದ. ದಿನದಿಂದ ದಿನಕ್ಕೆ ನನ್ನ ಗುಂಡು ಬಕೆಟ್ಟಿಗೆ ಹತ್ತಿರವಾಗುತ್ತ ಹೋಗಿತ್ತು. ಎಂಥ ಹಿಗ್ಗು ನನಗೆ! ಅವನನ್ನು ಅಪ್ಪಿಕೊಂಡು ಗರಗರ ತಿರುಗಿಸಿದ್ದೆ.

"ಮತ್ತೆ ಅವನು?" ಎಂದೆ. "ಅವನು ಹೊಡೆದ್ರೆ?"

"ಅವನ ಕೈ ನೆಟ್ಟಗಿತ್ತು. ಅದಕ್ಕೇ ಬಲಗಡೆ ಹೋಗ್ತಿತ್ತು. ಬೇಕು ಅಂದಿದ್ರೆ ಸ್ವಲ್ಪ ಎಡಕ್ಕೆ ಗುರಿ ಇಟ್ಟು ಹೊಡೆದುಬಿಡ್ತಿದ್ದ, ಅದೇನು ದೊಡ್ಡ ವಿದ್ಯೆ? ಬೇಡ ಅಂದ. ಇಬ್ರದ್ದೂ ತಾಗಿದ್ರೆ ರಿವಾಲ್ವರ್ ಗಂಡನಿಗೆ ಅಂತ ಕಾನೂನು. 'ನನ್ ಹತ್ರ ರೈಫಲ್ ಇರುತ್ತೆ, ಅವಳ ಹತ್ರ ಏನಿರುತ್ತೆ? ಕೊಡ್ತೀನಿ ಅಂದ್ರೆ ತಗೋತಾಳಾ ಆ ಮೊಂಡಿ?' ಅಂದ."

ತಗೊಳ್ಳುತ್ತಿರಲಿಲ್ಲ. ನಾನು ಎಂಥವಳೆಂದು ನನಗೆ ಗೊತ್ತಿಲ್ಲವೇ?

ನನಗೆ ಮೊದಲು ಬಂದದ್ದು ಅಳುವಲ್ಲ, ಕೋಪ. "ದಡ್ಡ! ಶುದ್ಧ ದಡ್ಡ! ರೈಫಲ್ ಬಿಟ್ಟು ಹೋಗ್ತಿದ್ದ ದಿನ ಕರಡಿ ಎದುರಿಗೆ ಬಂದಿದ್ರೆ? ನನ್ನ ಸೊಂಟದಲ್ಲಿ ರಿವಾಲ್ವರ್, ಅವನ ಕೈಲಿ ದನಕ್ಕೆ ಹಾಕೋ ಉಪ್ಪಿನ ಚೀಲ!" ಎಂದು ಕಿರುಚಿ ಕುರ್ಚಿಯನ್ನು ಒದ್ದೆ. ಮರ್ಲ್ ಅದನ್ನು ಎತ್ತಿ ನಿಲ್ಲಿಸಿದ. ಮೂವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಗಂಡಸು ಇಷ್ಟು ದೊಡ್ಡದನ್ನು ಹೊಟ್ಟೆಯಲ್ಲಿಟ್ಟುಕೊಂಡು ಗೊರಕೆ ಹೊಡೆದನಲ್ಲ!

ಸಂಜೆ ಹೊತ್ತಿಗೆ ಸ್ವಲ್ಪ ತಣ್ಣಗಾದೆ. ಹೊಸದಕ್ಕೆ ಸುತ್ತಿಗೆ ಗಿತ್ತಿಗೆ ಏನೂ ಬೇಕಿರಲಿಲ್ಲ. ಗುರಿ ನೋಡಲು ಹಿಂಬದಿಯಲ್ಲಿದ್ದ ಕಚ್ಚಿನ ಪಕ್ಕದಲ್ಲೇ, ಅದನ್ನು ಆಚೀಚೆ ಸರಿಸುವ ಒಂದು ಸಣ್ಣ ತಿರುಪು ಇತ್ತು. ಮರ್ಲ್ ಅದನ್ನು ಚೂರು ತಿರುಗಿಸುವುದು, ನಾನು ಹೊಡೆಯುವುದು, ಮತ್ತೆ ಚೂರು. ಕತ್ತಲಾಗುವ ಮುಂಚೆ ಬಕೆಟ್ಟಿಗೆ ತೂತು ಬಿತ್ತು. ಆರಿನ್‌ಗೆ ಒಂದು ವಾರ ಹಿಡಿದ ಕೆಲಸ ಅಷ್ಟು ಬೇಗ ಮುಗಿದದ್ದು ನನಗೆ ಹಿಡಿಸಲಿಲ್ಲ.

ಶನಿವಾರ ಜಲ್ಲಿ ಗುಂಡಿಯಲ್ಲಿ ಎಲ್ಲರೂ ಸೇರಿದ್ದರು. ಪಿಕಪ್ ಗಾಡಿಗಳ ಹಿಂದೆ ರುಬಾರ್ಬ್ ದಂಟಿನ ಸಿಹಿ ಪೈ, ಬೀನ್ಸ್ ಕಾಳಿನ ಪಾತ್ರೆ, ಕಾಫಿ. ಆರಿನ್ ಇಲ್ಲದ ಮೊದಲ ವರ್ಷವೆಂದು ಒಬ್ಬೊಬ್ಬರೂ ಬಂದು ನನ್ನ ಭುಜ ತಟ್ಟಿ ಹೋದರು. ನನ್ನ ಸರದಿ ಬಂತು. ಕುದುರೆ ಹಗ್ಗ ಎಳೆಯಿತು, ಬಕೆಟ್ಟು ಧೂಳೆಬ್ಬಿಸುತ್ತ ನನ್ನ ಕಡೆ ನುಗ್ಗಿತು. ನಾನು ಎಲ್ಲ ಮರೆತು ಹೊಡೆದೆ. ಗೂಟ ಮುಟ್ಟುವಷ್ಟರಲ್ಲಿ ಅದರ ಹೊಟ್ಟೆ ಜರಡಿಯಾಗಿತ್ತು. ಗ್ಲೆಂಡಾ ಬಕೆಟ್ಟನ್ನು ಆಕಾಶಕ್ಕೆ ಎತ್ತಿ ಹಿಡಿದು ಬೆಳಕು ನೋಡಿ, "ಮೇಲಿನ ಬೀಡು, ವರ್ಡಾ ಸ್ಟ್ರೌಡ್!" ಎಂದು ಕೂಗಿದಳು. ಚಪ್ಪಾಳೆ ಬಿತ್ತು.

ಇಬ್ಬರೂ ಹೊಡೆಯಬೇಕಲ್ಲ, ಮರ್ಲ್ ಕುಂಟುತ್ತ ಬಂದು ನಿಂತ. ನನ್ನ ಕೈಗೆ ಹೊಂದುವ ಹಾಗೆ ತಿರುಪು ತಿರುಗಿಸಿಟ್ಟ ರಿವಾಲ್ವರ್ ಅವನಿಗೇನು ಮಾಡೀತು? ಗುಂಡುಗಳೆಲ್ಲ ಬಲಗಡೆ ಹೋಗಿ ಸೇಜ್ ಪೊದೆಯನ್ನು ಪುಡಿಮಾಡಿದವು. ಜನರಿಗೆ ಹಬ್ಬವೋ ಹಬ್ಬ. ನಮ್ಮ ಪಕ್ಕದ ಹೊಲದ ವೆಂಡೆಲ್ ಬಾಯಿಗೆ ಎರಡು ಕೈ ಹಿಡಿದು, "ಸ್ಟ್ರೌಡ್ ಗಂಡಸರ ಕೈಯೇ ಅಷ್ಟು ಕಣ್ರೋ! ಅಣ್ಣ ಸತ್ರೂ ರೋಗ ತಮ್ಮನಿಗೆ ಬಿಟ್ಟು ಹೋಗಿದಾನೆ!" ಎಂದ. ಎಲ್ಲ ಬಿದ್ದು ಬಿದ್ದು ನಕ್ಕರು. ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಆರಿನ್‌ನನ್ನು ಪ್ರೀತಿಸುತ್ತಿದ್ದವರೇ ಎಲ್ಲರೂ. ಮರ್ಲ್ ಕೂಡ ಟೋಪಿ ತೆಗೆದು ನಗುತ್ತ ನಮಸ್ಕಾರ ಮಾಡಿದ.

ನನಗೆ ನಗಲಾಗಲಿಲ್ಲ. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಬೀಡು ಆಗಲೇ ನನ್ನದಾಗಿತ್ತು. ಮರ್ಲ್ ನನ್ನ ಮುಖ ನೋಡಿ ಬೇಡವೆಂದು ತಲೆಯಾಡಿಸಿದ್ದೂ ಕಂಡಿತು. ಆದರೆ ಇಷ್ಟು ವರ್ಷ ಆ ನಗುವಿಗೆ ಮೊದಲ ಕೂಗು ನನ್ನದೇ ಆಗಿತ್ತಲ್ಲ. ಚರ್ಮದ ಪಟ್ಟಿ ಬಿಚ್ಚಿದೆ. ಬಿಸಿಲನ್ನೇ ಕಾಣದ, ಬೆಳ್ಳಗೆ ಸೊಟ್ಟಗಿದ್ದ ಮಣಿಕಟ್ಟನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿದೆ.

"ಸ್ಟ್ರೌಡ್ ಗಂಡಸರ ಕೈಗೆ ಏನೂ ಆಗಿಲ್ಲ. ಸೊಟ್ಟ ಇರೋದು ಇದು" ಎಂದೆ. ಎಲ್ಲವನ್ನೂ ಹೇಳಿದೆ. ತಾಮ್ರದ ತಗಡು, ಹಿತ್ತಾಳೆ ಸುತ್ತಿಗೆ, ಒಂದು ವಾರ, ಈಗ ತಿರುಗಿಸಿದ ತಿರುಪು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅತ್ತೆ, ಅಳುತ್ತಲೇ ವೆಂಡೆಲ್‌ನನ್ನೂ ಬೈದೆ. ಹಗ್ಗ ಎಳೆಯುವ ಕುದುರೆ ಕಾಲು ಕೆರೆಯುತ್ತಿತ್ತು. ವೆಂಡೆಲ್ ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದಿದ್ದ.

ಗ್ಲೆಂಡಾ ನನ್ನ ಕೈ ಹಿಡಿದು ಮಣಿಕಟ್ಟನ್ನು ಆಚೆ ಈಚೆ ತಿರುಗಿಸಿ ನೋಡಿದಳು. ಬೀಡು ಹೋಯಿತೆಂದೇ ಅಂದುಕೊಂಡೆ.

"ಕೈಕಾಲು ನೆಟ್ಟಗಿರಬೇಕು ಅಂತ ಕಾನೂನು" ಎಂದಳು.

"ಗೊತ್ತು."

"ಇಷ್ಟು ವರ್ಷದಲ್ಲಿ ಒಂದು ಕರುನಾದ್ರೂ ಕಳ್ಕೊಂಡಿದೀಯಾ ಈ ಕೈಯಿಂದ?"

"ಇಲ್ಲ."

"ಹಾಗಾದ್ರೆ ನಾನು ನೋಡೋದು ಬಕೆಟ್ಟಿನ ತೂತು, ನಿನ್ನ ಮೂಳೆ ಅಲ್ಲ. ಮುಂದಿನ ಸಭೇಲಿ ಆ ಕಾನೂನಿಗೆ ಏನು ಮಾಡ್ಬೇಕೋ ನೋಡ್ತೀನಿ. ಸೋಮವಾರ ದನ ಹೊರಡುತ್ತೆ, ಕುದುರೆಗೆ ಲಾಳ ಹೊಡೆಸು." ಅವಳು ಹೊರಡಲು ತಿರುಗಿದವಳು ಮತ್ತೆ ನಿಂತಳು. ದನಿ ತಗ್ಗಿಸಿ ಕೇಳಿದಳು: "ಅಲ್ಲಾ ವರ್ಡಾ, ಹಾಗಾದ್ರೆ ಆರಿನ್ ನಿಜವಾಗ್ಲೂ ಒಳ್ಳೇ ಗುರಿಗಾರನಾ?"

ನಾನು ಮರ್ಲ್‌ನ ಕಡೆ ಕೈ ತೋರಿಸಿದೆ.

"ಅವನನ್ನ ಕೇಳು" ಎಂದೆ. "ನಾನು ಒಂದು ಸಲಾನೂ ನೋಡಲಿಲ್ಲ."